ವಿದ್ಯೆಗೆ ಹಲವು ಬಾಗಿಲು

ಕನ್ನಡಿಗರಿಗೆ ಜರ್ಮನಿ ತೀರ ಅಪರಿಚಿತವಾದ ದೇಶವಲ್ಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ಕನ್ನಡ–ಇಂಗ್ಲಿಷ್ ಮಹಾನಿಘಂಟನ್ನು ಪ್ರಕಟಿಸಿದ ಫರ್ಡಿನೆಂಡ್ ಕಿಟ್ಟೆಲ್, ಇಬ್ಬರೂ ಜರ್ಮನರು. ಇವರಿಬ್ಬರಿಗೂ ಗೌರವ ಡಾಕ್ಟರೇಟ್ ಪದವಿಯನ್ನಿತ್ತು ಮನ್ನಿಸಿದುದು ಒಂದೇ ವಿಶ್ವವಿದ್ಯಾಲಯ. ಅದು 1477ರಲ್ಲಿ ಸ್ಥಾಪಿತವಾದ ಟ್ಯೂಬಿಂಗೆನ್ ವಿಶ್ವವಿದ್ಯಾಲಯ. ಅಂದು ಜರ್ಮನಿಯಿಂದ ಹೊರಟ ತರುಣರು ಕಡಲು ದಾಟಿ ಬಂದು ಮಂಗಳೂರು, ಧಾರವಾಡಗಳಲ್ಲಿ ಕುಳಿತು ಕನ್ನಡ ಕಲಿತರು. ಇಂದು ಪ್ರವಾಹ ಎದುರು ದಿಕ್ಕಿನಲ್ಲಿ ಹರಿಯುತ್ತಿದೆ. 2023–24ರ ಚಳಿಗಾಲದ ಅವಧಿಯಲ್ಲಿ ಜರ್ಮನಿಯ ಉನ್ನತ ವಿದ್ಯಾಸಂಸ್ಥೆಗಳಲ್ಲಿ 49,000ಕ್ಕೂ ಹೆಚ್ಚು ಮಂದಿ ಭಾರತೀಯ ವಿದ್ಯಾರ್ಥಿಗಳಿದ್ದರು. ಅಲ್ಲಿ ಓದುವ ಪರದೇಶಿಯರಲ್ಲಿ ಇವರದೇ ಅತಿ ದೊಡ್ಡ ಸಮುದಾಯ.

ಇಷ್ಟು ಜನ ಅತ್ತ ಹೋಗುವುದಕ್ಕೆ ಮುಖ್ಯ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಅಲ್ಲಿನ ಬಹುತೇಕ ಸರ್ಕಾರಿ ವಿದ್ಯಾಸಂಸ್ಥೆಗಳಲ್ಲಿ ಬೋಧನಾ ಶುಲ್ಕವಿಲ್ಲ. ಈ ಒಂದು ಮಾತು ಊರಿಂದೂರಿಗೆ ಹಬ್ಬಿ, ‘ಜರ್ಮನಿಯಲ್ಲಿ ಓದು ಪುಕ್ಕಟೆ’ ಎಂಬ ಗಾದೆಯಂತೆ ಆಗಿಬಿಟ್ಟಿದೆ. ದೂರದ ಬೆಟ್ಟ ನುಣ್ಣಗೆ. ಅಲ್ಲಿನ ವಿದ್ಯಾಸಂಸ್ಥೆಗಳು ನಾಲ್ಕು ನೂರಕ್ಕೂ ಹೆಚ್ಚು. ಅವುಗಳಲ್ಲಿ ಹಲವು ಜಾತಿಗಳುಂಟು, ಒಂದೊಂದಕ್ಕೂ ಬೇರೆಬೇರೆ ಗುರಿಯುಂಟು, ಬೇರೆಬೇರೆ ಪ್ರವೇಶ ನಿಯಮವುಂಟು. ಯಾವ ಬಾಗಿಲು ಯಾವ ಮನೆಗೆ ತೆರೆಯುತ್ತದೆ ಎಂಬುದನ್ನು ತಿಳಿಯದೆ ತಂದೆಯ ಹೊಲವನ್ನು ಅಡವಿಟ್ಟು ಹೊರಡುವ ತರುಣನು ವಿದ್ಯೆಯನ್ನು ಅರಸಿ ಹೋದವನಲ್ಲ, ಜೂಜಾಡಲು ಹೋದವನು.

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಜರ್ಮನ್ ಭಾಷೆಯಲ್ಲಿ ‘ಹೋಖ್‌ಶೂಲೆ’ ಎಂಬ ಪದವಿದೆ. ಅದನ್ನು ಅಕ್ಷರಶಃ ಬಿಡಿಸಿದರೆ ‘ಎತ್ತರದ ಶಾಲೆ’ ಎಂದಾಗುತ್ತದೆ. ಆದರೆ ಅದು ನಮ್ಮ ಹೈಸ್ಕೂಲಲ್ಲ, ಪದವಿಯನ್ನು ಕೊಡುವ ಉನ್ನತ ವಿದ್ಯಾಸಂಸ್ಥೆ. ಹಾಗೆಯೇ ಅಲ್ಲಿನ ‘ಗಿಮ್ನಾಸಿಯುಮ್’ ಗರಡಿಮನೆಯಲ್ಲ. ವಿಶ್ವವಿದ್ಯಾಲಯಕ್ಕೆ ಹೋಗಲಿರುವ ಮಕ್ಕಳು ಓದುವ ಶಾಲೆ. ಶಾಲೆಯಲ್ಲಿ ಒಟ್ಟು 12 ಅಥವಾ 13 ವರ್ಷ ಓದಿದ ಮೇಲೆ ‘ಅಬಿಟೂರ್’ ಎಂಬ ಪರೀಕ್ಷೆಯನ್ನು ಕೊಡುತ್ತಾರೆ. ಅದರಲ್ಲಿ ತೇರ್ಗಡೆಯಾದವನಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಯುತ್ತದೆ.

ಎಲ್ಲಕ್ಕಿಂತ ಹಳೆಯದು ವಿಶ್ವವಿದ್ಯಾಲಯ. ಹೈಡೆಲ್‌ಬರ್ಗಿನದು 1386ರಲ್ಲಿಯೂ, ಲೈಪ್‌ಜಿಗ್‌ನದು 1409ರಲ್ಲಿಯೂ ಆರಂಭವಾದುವು. ಆದರೆ ಜರ್ಮನ್ ವಿಶ್ವವಿದ್ಯಾಲಯಕ್ಕೆ ಇಂದಿನ ಸ್ವರೂಪ ಬಂದುದು 1810ರಲ್ಲಿ ಬರ್ಲಿನ್‌ನಲ್ಲಿ. ನೆಪೋಲಿಯನ್ನನ ಸೈನ್ಯಕ್ಕೆ ಸೋತು ಕುಗ್ಗಿದ್ದ ಪ್ರಷ್ಯ ರಾಜ್ಯವು ತನ್ನ ಶಕ್ತಿಯನ್ನು ಮರಳಿ ಪಡೆಯುವ ದಾರಿಯನ್ನು ಹುಡುಕುತ್ತಿದ್ದ ಕಾಲವದು. ವಿಲ್ಹೆಲ್ಮ್ ಫಾನ್ ಹುಂಬೋಲ್ಟ್ ಎಂಬ ವಿದ್ವಾಂಸನು ಅಂದು ರೂಪಿಸಿದ ತತ್ತ್ವ ಸರಳವಾದುದು: ಬೋಧನೆಯೂ ಸಂಶೋಧನೆಯೂ ಬೇರೆಬೇರೆಯಾಗಬಾರದು, ಗುರುವು ತಾನು ಕಂಡುಕೊಂಡುದನ್ನು ಕಲಿಸಬೇಕು, ಶಿಷ್ಯನು ಗುರುವಿನ ಜೊತೆಯಲ್ಲಿ ಕಂಡುಕೊಳ್ಳುವುದನ್ನು ಕಲಿಯಬೇಕು. ಇಂದಿಗೂ ಅಲ್ಲಿನ ವಿಶ್ವವಿದ್ಯಾಲಯದ ಪಾಠದಲ್ಲಿ ಈ ಗುಣ ಉಳಿದಿದೆ. ಸಿದ್ಧಾಂತಕ್ಕೆ ಅಲ್ಲಿ ಹೆಚ್ಚಿನ ಬೆಲೆ. ಏನನ್ನು ಎಷ್ಟು ಓದಬೇಕು, ಯಾವ ಪರೀಕ್ಷೆಯನ್ನು ಯಾವಾಗ ಬರೆಯಬೇಕು ಎಂಬುದನ್ನು ಬಹುಮಟ್ಟಿಗೆ ವಿದ್ಯಾರ್ಥಿಯೇ ನಿರ್ಧರಿಸಬೇಕು. ಕಿವಿ ಹಿಂಡಿ ಓದಿಸುವವರು ಯಾರೂ ಇಲ್ಲ. ಈ ಸ್ವಾತಂತ್ರ್ಯ ಕೆಲವರನ್ನು ಬೆಳೆಸಿದೆ, ಕೆಲವರನ್ನು ಮುಳುಗಿಸಿದೆ. ನಮ್ಮ ರಾಷ್ಟ್ರಪತಿಗಳಾಗಿದ್ದ ಡಾ. ಜಾಕಿರ್ ಹುಸೇನರು 1926ರಲ್ಲಿ ಡಾಕ್ಟರೇಟ್ ಪಡೆದುದು ಬರ್ಲಿನ್ ವಿಶ್ವವಿದ್ಯಾಲಯದಲ್ಲಿಯೇ. ಅದೇ ನಗರದಲ್ಲಿ ಕೆಲವು ವರ್ಷಗಳ ಅನಂತರ ಡಾ. ರಾಮಮನೋಹರ ಲೋಹಿಯಾ ಅವರೂ ಉಪ್ಪಿನ ತೆರಿಗೆಯನ್ನು ಕುರಿತು ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು.

ಎರಡನೆಯದು ‘ಫಾಖ್‌ಹೋಖ್‌ಶೂಲೆ’. ಇದನ್ನು ಅನ್ವಯಿಕ ವಿಜ್ಞಾನಗಳ ವಿದ್ಯಾಲಯವೆಂದು ಕರೆಯಬಹುದು. ಎರಡನೆಯ ಮಹಾಯುದ್ಧದ ತರುವಾಯ ಜರ್ಮನಿಯ ಕಾರ್ಖಾನೆಗಳು ವೇಗವಾಗಿ ಬೆಳೆದುವು. ಅವುಗಳಿಗೆ ಬೇಕಾದವರು ಗ್ರಂಥ ಬರೆಯುವ ಪಂಡಿತರಿಗಿಂತ ಹೆಚ್ಚಾಗಿ, ಯಂತ್ರದ ಮುಂದೆ ನಿಂತು ಅದರ ದೋಷವನ್ನು ಕಂಡುಹಿಡಿಯಬಲ್ಲ ಎಂಜಿನಿಯರರು. ಹಳೆಯ ಎಂಜಿನಿಯರಿಂಗ್ ಶಾಲೆಗಳನ್ನು ಮೇಲ್ದರ್ಜೆಗೆ ಏರಿಸಬೇಕೆಂದು 1968ರಲ್ಲಿ ರಾಜ್ಯಗಳು ಒಪ್ಪಂದ ಮಾಡಿಕೊಂಡುವು. ಮುಂದಿನ ಕೆಲವೇ ವರ್ಷಗಳಲ್ಲಿ ಈ ವಿದ್ಯಾಲಯಗಳು ತಲೆಯೆತ್ತಿದುವು. ಇಲ್ಲಿ ಪ್ರಾಧ್ಯಾಪಕನಾಗಲು ಡಾಕ್ಟರೇಟ್ ಒಂದೇ ಸಾಲದು. ಸಾಮಾನ್ಯವಾಗಿ ಐದು ವರ್ಷಗಳ ವೃತ್ತಿಯ ಅನುಭವ ಬೇಕು, ಅದರಲ್ಲಿ ಮೂರು ವರ್ಷವಾದರೂ ವಿದ್ಯಾಲಯದ ಗೋಡೆಯ ಹೊರಗೆ ದುಡಿದಿರಬೇಕು. ತರಗತಿಗಳು ಚಿಕ್ಕವು, ವೇಳಾಪಟ್ಟಿ ಬಿಗಿಯಾದುದು. ಪದವಿಯ ಅವಧಿಯಲ್ಲಿ ಒಂದು ಸೆಮಿಸ್ಟರನ್ನು ಕಾರ್ಖಾನೆಯಲ್ಲಿಯೋ ಕಚೇರಿಯಲ್ಲಿಯೋ ಕಳೆಯುವುದು ಇಲ್ಲಿ ಸಾಮಾನ್ಯ ಪದ್ಧತಿ.

ಇವೆರಡರಲ್ಲಿ ಯಾವುದು ಮೇಲು? ಈ ಪ್ರಶ್ನೆಯನ್ನು ನಮ್ಮಲ್ಲಿ ಎಲ್ಲರೂ ಕೇಳುತ್ತಾರೆ, ಪ್ರಶ್ನೆಯೇ ಸರಿಯಿಲ್ಲ. ಯಂತ್ರಶಾಸ್ತ್ರವನ್ನು ಓದಬಯಸುವ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಒಬ್ಬಳಿಗೆ ಗಣಿತದಲ್ಲಿ ಆಸಕ್ತಿ. ಗಾಳಿಯು ರೆಕ್ಕೆಯ ಮೇಲೆ ಹೇಗೆ ಹರಿಯುತ್ತದೆ ಎಂಬುದನ್ನು ಸಮೀಕರಣದಲ್ಲಿ ಹಿಡಿಯುವುದೇ ಅವಳಿಗೆ ಸಂತೋಷ. ಇನ್ನೊಬ್ಬನು ಮನೆಯ ಪಂಪ್‌ಸೆಟ್ ಕೆಟ್ಟಾಗ ಮಿಸ್ತ್ರಿ ಬರುವ ಮೊದಲೇ ಅದನ್ನು ಬಿಚ್ಚಿ ನೋಡಿದವನು. ಮೊದಲನೆಯವಳಿಗೆ 1870ರಲ್ಲಿ ಆರಂಭವಾದ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯ ಒಗ್ಗುತ್ತದೆ. ಎರಡನೆಯವನಿಗೆ ಮೋಟಾರು ಕಾರ್ಖಾನೆಗಳ ನಡುವೆಯೇ ಇರುವ, ಸ್ಟುಟ್‌ಗಾರ್ಟಿನ ಸಮೀಪದ ಎಸ್ಲಿಂಗೆನ್ ಅನ್ವಯಿಕ ವಿದ್ಯಾಲಯ ಹೆಚ್ಚು ಉಚಿತವಾದೀತು. ಇಬ್ಬರೂ ಸ್ಥಳ ಬದಲಾಯಿಸಿಕೊಂಡರೆ ಇಬ್ಬರೂ ಬಳಲುತ್ತಾರೆ. ಇಬ್ಬರಿಗೂ ದೊರೆಯುವ ಪದವಿ ‘ಬ್ಯಾಚಲರ್’ ಎಂಬುದೇ. 1999ರ ಬೊಲೋನ್ಯ ಒಪ್ಪಂದದ ಅನಂತರ ಯುರೋಪಿನ ದೇಶಗಳು ಪದವಿಯ ಮೆಟ್ಟಿಲುಗಳನ್ನು ಒಂದೇ ಅಳತೆಗೆ ತಂದುವು. ಜರ್ಮನಿಯ ಹಳೆಯ ‘ಡಿಪ್ಲೋಮ್’ ಪದವಿಯ ಸ್ಥಾನದಲ್ಲಿ ಬಹುಪಾಲು ಕಡೆ ಬ್ಯಾಚಲರ್, ಮಾಸ್ಟರ್ ಪದವಿಗಳು ಬಂದುವು. ಈ ‘ಡಿಪ್ಲೋಮ್’ ನಮ್ಮ ಪಾಲಿಟೆಕ್ನಿಕ್ಕಿನ ಡಿಪ್ಲೊಮಾ ಅಲ್ಲ. ಅದು ಮಾಸ್ಟರ್ ಪದವಿಗೆ ಹತ್ತಿರವಾದುದು.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಡಾಕ್ಟರೇಟ್ ಕೊಡುವ ಅಧಿಕಾರ ಬಹುಕಾಲ ವಿಶ್ವವಿದ್ಯಾಲಯಗಳದೇ ಆಗಿತ್ತು. 2016ರಲ್ಲಿ ಹೆಸ್ಸೆನ್ ರಾಜ್ಯದ ಫುಲ್ಡಾ ಅನ್ವಯಿಕ ವಿದ್ಯಾಲಯಕ್ಕೆ ಆ ಅಧಿಕಾರ ಮೊದಲ ಬಾರಿಗೆ ದೊರೆಯಿತು. ಅನಂತರ ಬೇರೆ ಕೆಲವು ರಾಜ್ಯಗಳೂ ಅದೇ ದಾರಿಯನ್ನು ಹಿಡಿದುವು. ಆದರೂ ಸಂಶೋಧನೆಯನ್ನೇ ಬಾಳಿನ ವೃತ್ತಿಯಾಗಿಸಿಕೊಳ್ಳಬೇಕೆಂದಿರುವವರಿಗೆ ವಿಶ್ವವಿದ್ಯಾಲಯದ ದಾರಿಯೇ ಹತ್ತಿರದ್ದು.

ಮೂರನೆಯ ಬಾಗಿಲು ಇವೆರಡಕ್ಕಿಂತಲೂ ವಿಚಿತ್ರವಾದುದು. 1974ರಲ್ಲಿ ಸ್ಟುಟ್‌ಗಾರ್ಟ್ ಮತ್ತು ಮಾನ್‌ಹೈಮ್‌ಗಳಲ್ಲಿ ಒಂದು ಪ್ರಯೋಗ ಆರಂಭವಾಯಿತು. ವಿದ್ಯಾರ್ಥಿಯು ಸುಮಾರು ಮೂರು ತಿಂಗಳು ವಿದ್ಯಾಲಯದಲ್ಲಿ ಓದಬೇಕು, ಮುಂದಿನ ಮೂರು ತಿಂಗಳು ಕಂಪನಿಯಲ್ಲಿ ದುಡಿಯಬೇಕು; ಹೀಗೆ ಮೂರು ವರ್ಷ. ಎರಡೂ ಅವಧಿಯಲ್ಲಿ ಕಂಪನಿಯೇ ವೇತನ ಕೊಡುತ್ತದೆ. ಈ ಪ್ರಯೋಗ ಗೆದ್ದು, 2009ರಲ್ಲಿ ಪೂರ್ಣ ಪ್ರಮಾಣದ ದ್ವಿಮುಖ ವಿದ್ಯಾಲಯವಾಯಿತು. ಕೇಳಲು ಇದು ಎಲ್ಲಕ್ಕಿಂತ ಸೊಗಸು. ಆದರೆ ಇಲ್ಲಿ ಮೊದಲು ಒಪ್ಪಬೇಕಾದುದು ವಿದ್ಯಾಲಯವಲ್ಲ, ಕಂಪನಿ; ಅದರೊಡನೆ ಕರಾರಾದ ಮೇಲೆಯೇ ಪ್ರವೇಶ. ಕಂಪನಿಯ ಅಧಿಕಾರಿಯ ಎದುರು ಕುಳಿತು ನಿರರ್ಗಳವಾಗಿ ಜರ್ಮನ್ ಮಾತನಾಡಲಾರದವನಿಗೆ ಈ ಬಾಗಿಲು ಸುಲಭವಾಗಿ ತೆರೆಯದು.

ಸಂಗೀತಕ್ಕೂ ಕಲೆಗೂ ಬೇರೆಯೇ ವಿದ್ಯಾಲಯಗಳುಂಟು. ಅಲ್ಲಿ ಅಂಕಪಟ್ಟಿಗಿಂತ ಕೊರಳಿಗೂ ಕೈಗೂ ಹೆಚ್ಚು ಬೆಲೆ. ಪ್ರತಿಭಾ ಪರೀಕ್ಷೆಯೇ ನಿರ್ಣಾಯಕ. ಪ್ರಸಿದ್ಧ ಸಂಗೀತಗಾರ ಮೆಂಡೆಲ್ಸನ್ ಲೈಪ್‌ಜಿಗ್‌ನಲ್ಲಿ ಸಂಗೀತಶಾಲೆಯನ್ನು ಸ್ಥಾಪಿಸಿದುದು 1843ರಲ್ಲಿ, ಮಂಗಳೂರಿನಲ್ಲಿ ಮೋಗ್ಲಿಂಗನು ಪತ್ರಿಕೆಯನ್ನು ಆರಂಭಿಸಿದ ವರ್ಷವೇ. ವೈದ್ಯವಿದ್ಯೆಯ ಕ್ರಮವೂ ಬೇರೆ. ಅದಕ್ಕೆ ಬ್ಯಾಚಲರ್ ಪದವಿಯಿಲ್ಲ. ಆರು ವರ್ಷ ಮೂರು ತಿಂಗಳ ವ್ಯಾಸಂಗ, ಕೊನೆಗೆ ಸರ್ಕಾರವೇ ನಡೆಸುವ ಪರೀಕ್ಷೆ. ಸ್ಥಾನಗಳು ಮಿತವಾದುವು, ಪಾಠ ಜರ್ಮನ್ ಭಾಷೆಯಲ್ಲಿ. ನ್ಯಾಯಶಾಸ್ತ್ರಕ್ಕೂ ಸರ್ಕಾರಿ ಪರೀಕ್ಷೆಯುಂಟು. ಆದರೆ ಜರ್ಮನಿಯ ಕಾನೂನನ್ನು ಕಲಿತವನು ಧಾರವಾಡದ ನ್ಯಾಯಾಲಯದಲ್ಲಿ ಅದನ್ನೇ ನೆಚ್ಚಿ ವಾದಿಸುವಂತಿಲ್ಲ.

ಇವುಗಳೊಡನೆ ‘ಔಸ್‌ಬಿಲ್ಡುಂಗ್’ ಎಂಬ ಇನ್ನೊಂದು ಮಾತನ್ನು ಈಚೆಗೆ ನಮ್ಮ ಊರುಗಳ ಜಾಹೀರಾತುಗಳಲ್ಲಿಯೂ ಕಾಣಬಹುದು. ಅದು ವೃತ್ತಿ ತರಬೇತಿ. ದಾದಿಯ ಕೆಲಸ, ವಿದ್ಯುತ್ ಕೆಲಸ, ಅಡುಗೆ ಮೊದಲಾದುವನ್ನು ಸಾಮಾನ್ಯವಾಗಿ ಎರಡರಿಂದ ಮೂರೂವರೆ ವರ್ಷ ವೇತನ ಕೊಟ್ಟು ಕಲಿಸುತ್ತಾರೆ. ಗೌರವದ ದುಡಿಮೆಗೆ ಅದು ಒಳ್ಳೆಯ ದಾರಿ. ಆದರೆ ಅದು ವಿಶ್ವವಿದ್ಯಾಲಯದ ಪದವಿಯಲ್ಲ. ಪದವಿ ಸಿಗುತ್ತದೆಂದು ನಂಬಿಸಿ ತರಬೇತಿಗೆ ಕಳುಹಿಸುವ ದಲ್ಲಾಳಿಯು ಸುಳ್ಳನ್ನು ಮಾರುತ್ತಿರುತ್ತಾನೆ.

ಪಿ.ಯು.ಸಿ. ಮುಗಿಸಿದ ಒಡನೆ ಈ ಬಾಗಿಲುಗಳಲ್ಲಿ ಒಂದನ್ನು ತಟ್ಟಬಹುದೆ? ಸಾಮಾನ್ಯವಾಗಿ ಪಿ.ಯು.ಸಿ. ಪ್ರಮಾಣಪತ್ರವೊಂದೇ ನೇರ ಪ್ರವೇಶಕ್ಕೆ ಸಾಲದು. ಒಂದು ಉಪಾಯವೆಂದರೆ ಭಾರತದ ಮಾನ್ಯತೆ ಪಡೆದ ಕಾಲೇಜಿನಲ್ಲಿ ಪದವಿಯ ಮೊದಲ ವರ್ಷವನ್ನು ಯಶಸ್ವಿಯಾಗಿ ಮುಗಿಸಿ, ಅದೇ ವಿಷಯಕ್ಕೆ ಅಲ್ಲಿ ಅರ್ಜಿ ಹಾಕುವುದು. ಐ.ಐ.ಟಿ.ಗಳಿಗಾಗಿ ನಡೆಯುವ ಜೆ.ಇ.ಇ. ಅಡ್ವಾನ್ಸ್‌ಡ್ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ತಾಂತ್ರಿಕ ಮತ್ತು ವಿಜ್ಞಾನ ವಿಷಯಗಳಿಗೆ ನೇರವಾದ ದಾರಿಯುಂಟು. ಇನ್ನೊಂದು ದಾರಿ ‘ಸ್ಟುಡಿಯೆನ್‌ಕೊಲ್ಲೆಗ್’ ಎಂಬ ಪೂರ್ವಸಿದ್ಧತಾ ವಿದ್ಯಾಲಯ. ಅಲ್ಲಿ ಎರಡು ಸೆಮಿಸ್ಟರು ಜರ್ಮನ್ ಭಾಷೆಯನ್ನೂ ತನ್ನ ವಿಷಯದ ತಳಹದಿಯನ್ನೂ ಕಲಿತು ಅರ್ಹತಾ ಪರೀಕ್ಷೆಯನ್ನು ಕೊಡಬೇಕು. ಅಲ್ಲಿಗೆ ಸೇರಲೂ ಮಧ್ಯಮ ಮಟ್ಟದ ಜರ್ಮನ್ ಬೇಕು ಎಂಬುದು ಹಲವರಿಗೆ ತಡವಾಗಿ ತಿಳಿಯುತ್ತದೆ. 2022ರ ನವೆಂಬರಿನಿಂದ ಭಾರತೀಯ ವಿದ್ಯಾರ್ಥಿಗಳು ವೀಸಾಕ್ಕೆ ಮೊದಲು ತಮ್ಮ ಪ್ರಮಾಣಪತ್ರಗಳನ್ನು ದೆಹಲಿಯಲ್ಲಿರುವ ಎ.ಪಿ.ಎಸ್. ಎಂಬ ಕೇಂದ್ರದಿಂದ ಪರಿಶೀಲಿಸಿಕೊಳ್ಳಬೇಕೆಂಬ ನಿಯಮವೂ ಬಂದಿದೆ. ನಕಲಿ ಅಂಕಪಟ್ಟಿಗಳ ಹಾವಳಿಗೆ ಪ್ರಾಮಾಣಿಕರೂ ತೆರಬೇಕಾದ ದಂಡ ಇದು.

ಅಂಕಗಳ ಲೆಕ್ಕವೂ ತಲೆಕೆಳಗಾದುದು. ಅಲ್ಲಿ 1.0 ಎಂದರೆ ಅತ್ಯುತ್ತಮ, 4.0 ಎಂದರೆ ಕೇವಲ ಉತ್ತೀರ್ಣ, 5.0 ಎಂದರೆ ಅನುತ್ತೀರ್ಣ. ನಮ್ಮ ಅಂಕಗಳನ್ನು ಅವರ ಅಂಕಗಳಾಗಿ ಮಾರ್ಪಡಿಸಲು ಅನೇಕ ಕಡೆ ಬವೇರಿಯದ ಸೂತ್ರವೆಂಬುದನ್ನು ಬಳಸುತ್ತಾರೆ. ಗರಿಷ್ಠ ಅಂಕ 100, ಉತ್ತೀರ್ಣಕ್ಕೆ ಬೇಕಾದುದು 35, ವಿದ್ಯಾರ್ಥಿ ಪಡೆದುದು 80 ಎಂದಿಟ್ಟುಕೊಳ್ಳೋಣ. ನೂರರಿಂದ 80ನ್ನು ಕಳೆದರೆ 20. ನೂರರಿಂದ 35ನ್ನು ಕಳೆದರೆ 65. ಇಪ್ಪತ್ತನ್ನು 65ರಿಂದ ಭಾಗಿಸಿ, ಬಂದುದನ್ನು 3ರಿಂದ ಗುಣಿಸಿ, ಅದಕ್ಕೆ 1ನ್ನು ಕೂಡಿಸಿದರೆ ಸುಮಾರು 1.9 ಬರುತ್ತದೆ. ಅದೇ 80 ಅಂಕವನ್ನು, 50 ಬಂದರೆ ಮಾತ್ರ ಉತ್ತೀರ್ಣ ಎಂಬ ಕಡೆಯಲ್ಲಿ ಪಡೆದಿದ್ದರೆ ಫಲ 2.2 ಆಗುತ್ತದೆ. ಆದುದರಿಂದ ಉತ್ತೀರ್ಣದ ಗೆರೆ ಎಷ್ಟೆಂಬುದನ್ನು ವಿದ್ಯಾಲಯದಿಂದ ಬರೆಯಿಸಿಕೊಂಡು ಹೋಗುವುದು ಸಣ್ಣ ವಿಷಯವಲ್ಲ. ಅಲ್ಲಿನ ಪರೀಕ್ಷೆಯ ಕಠಿಣತೆ ಮತ್ತೊಂದು. ಒಂದು ಕಡ್ಡಾಯ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಎರಡು ಅಥವಾ ಮೂರು ಅವಕಾಶಗಳಷ್ಟೇ ಉಂಟು. ಕೊನೆಯದರಲ್ಲಿಯೂ ಸೋತವನು ಆ ವ್ಯಾಸಂಗವನ್ನೇ ಬಿಡಬೇಕಾಗುತ್ತದೆ. ಸಾಮಾನ್ಯವಾಗಿ ಬೇರೆ ಊರಿಗೆ ಹೋಗಿ ಅದೇ ವ್ಯಾಸಂಗವನ್ನು ಮುಂದುವರಿಸುವಂತೆಯೂ ಇಲ್ಲ. ಬಾಕಿ ಉಳಿದ ವಿಷಯಗಳನ್ನು ವರ್ಷದಿಂದ ವರ್ಷಕ್ಕೆ ದೂಡುತ್ತ ಹೋಗುವ ನಮ್ಮ ಅಭ್ಯಾಸ ಅಲ್ಲಿ ನಡೆಯದು.

ಇನ್ನು ಹಣದ ಮಾತು. ಜರ್ಮನಿಯಲ್ಲಿ 16 ರಾಜ್ಯಗಳಿವೆ. ಶಿಕ್ಷಣ ರಾಜ್ಯಗಳ ಅಧೀನವಾದುದು. 2005ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವು ಶುಲ್ಕ ವಿಧಿಸುವುದು ರಾಜ್ಯಗಳಿಗೆ ಬಿಟ್ಟ ವಿಷಯವೆಂಬ ಅರ್ಥ ಬರುವಂತೆ ತೀರ್ಪಿತ್ತಿತು. ಹಲವು ರಾಜ್ಯಗಳು ಸೆಮಿಸ್ಟರಿಗೆ 500 ಯೂರೋವರೆಗೆ ಶುಲ್ಕವನ್ನು ಹಾಕಿದುವು. ವಿದ್ಯಾರ್ಥಿಗಳೂ ಪೋಷಕರೂ ವಿರೋಧಿಸಿದರು, ಚುನಾವಣೆಗಳಲ್ಲಿ ಅದೊಂದು ಪ್ರಶ್ನೆಯಾಯಿತು. ಒಂದೊಂದಾಗಿ ರಾಜ್ಯಗಳು ಹಿಂದೆಗೆದು, 2014ರ ವೇಳೆಗೆ ಎಲ್ಲೆಡೆಯೂ ಆ ಶುಲ್ಕ ಹೋಯಿತು. ಆದರೆ ಬಾಡೆನ್–ವ್ಯೂರ್ಟೆಂಬರ್ಗ್ ರಾಜ್ಯವು 2017ರಿಂದ ಯುರೋಪ್ ಒಕ್ಕೂಟದ ಹೊರಗಿನಿಂದ ಬರುವವರಿಗೆ ಮಾತ್ರ ಸೆಮಿಸ್ಟರಿಗೆ 1,500 ಯೂರೋ ಶುಲ್ಕವನ್ನು ವಿಧಿಸಿತು. ಟ್ಯೂಬಿಂಗೆನ್, ಹೈಡೆಲ್‌ಬರ್ಗ್, ಎಸ್ಲಿಂಗೆನ್ ಇವೆಲ್ಲ ಆ ರಾಜ್ಯದವೇ. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಹೊಸದಾಗಿ ಸೇರುವ ಇಂತಹ ವಿದ್ಯಾರ್ಥಿಗಳಿಂದ ಶುಲ್ಕ ಪಡೆಯತೊಡಗಿತು. ‘ಪುಕ್ಕಟೆ’ ಎಂಬ ಮಾತಿನ ಗಡಿ ಹೀಗೆ ಊರಿಂದೂರಿಗೆ ಬದಲಾಗುತ್ತದೆ.

ಶುಲ್ಕವಿಲ್ಲದಿದ್ದರೂ ಹೊಟ್ಟೆಗೆ ರಜೆಯಿಲ್ಲ. ವೀಸಾ ಪಡೆಯಬೇಕಾದರೆ ಒಂದು ವರ್ಷದ ಜೀವನವೆಚ್ಚವನ್ನು ಮುಂಗಡವಾಗಿ ಮುಚ್ಚಿದ ಖಾತೆಯೊಂದರಲ್ಲಿ ಇರಿಸುವುದು ರೂಢಿ. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು 11,904 ಯೂರೋಗಳಿಗೆ ಏರಿಸಲಾಯಿತು. ತಿಂಗಳಿಗೆ 992 ಯೂರೋದಂತೆ ಮಾತ್ರ ಅದನ್ನು ತೆಗೆಯಬಹುದು. ರೂಪಾಯಿಯ ಲೆಕ್ಕದಲ್ಲಿ ಇದು ಹತ್ತು ಲಕ್ಷವನ್ನು ಮೀರುತ್ತದೆ. ಇದು ಯಾರಿಗೋ ಕೊಟ್ಟ ಹಣವಲ್ಲ, ತನ್ನದೇ ಅನ್ನದ ಹಣ; ಆದರೆ ಸಾಲ ತಂದದ್ದಾದರೆ ಬಡ್ಡಿ ಮಾತ್ರ ಇಲ್ಲಿ ಊರಿನಲ್ಲಿ ಬೆಳೆಯುತ್ತಿರುತ್ತದೆ. ಅಲ್ಲಿ ದುಡಿದು ತೀರಿಸುತ್ತೇನೆ ಎಂಬ ಧೈರ್ಯಕ್ಕೂ ಮಿತಿಯುಂಟು. 2024ರ ಮಾರ್ಚಿನಲ್ಲಿ ಬಂದ ನಿಯಮದಂತೆ ಪರದೇಶದ ವಿದ್ಯಾರ್ಥಿಯು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಒಂದು ವರ್ಷದ ಪಾಠಕ್ಕೆ 60 ಅಂಶಗಳು, ಒಂದೊಂದು ಅಂಶಕ್ಕೆ 25ರಿಂದ 30 ಗಂಟೆಗಳ ಓದು ಎಂದು ಅಲ್ಲಿ ಎಣಿಸುತ್ತಾರೆ. ಅಂದರೆ ವರ್ಷಕ್ಕೆ 1,500ರಿಂದ 1,800 ಗಂಟೆ. ಇದರ ಮೇಲೆ ಹೋಟೆಲಿನಲ್ಲಿ ತಟ್ಟೆ ತೊಳೆಯುವ ಗಂಟೆಗಳನ್ನು ಕೂಡಿಸಿ ನೋಡಿದರೆ ನಿದ್ರೆಗೆ ಎಷ್ಟು ಉಳಿಯಿತೆಂಬುದು ತಿಳಿಯುತ್ತದೆ. 1925ರಲ್ಲಿ ಆರಂಭವಾದ ಡಿ.ಎ.ಎ.ಡಿ. ಎಂಬ ಸಂಸ್ಥೆಯು ವಿದ್ಯಾರ್ಥಿವೇತನಗಳನ್ನು ಕೊಡುತ್ತದೆ. ಅವು ಹೆಚ್ಚಾಗಿ ಸ್ನಾತಕೋತ್ತರ ಮತ್ತು ಸಂಶೋಧನ ವಿದ್ಯಾರ್ಥಿಗಳಿಗೆ.

ಖಾಸಗಿ ವಿದ್ಯಾಲಯಗಳಲ್ಲಿ ಪ್ರವೇಶ ಸುಲಭ, ಪಾಠ ಇಂಗ್ಲಿಷಿನಲ್ಲಿ, ಶುಲ್ಕ ಸಾವಿರಾರು ಯೂರೋ. ಅವುಗಳಲ್ಲಿ ಉತ್ತಮವಾದುವೂ ಉಂಟು. ಸೇರುವ ಮೊದಲು ನೋಡಬೇಕಾದುದು ಅಲ್ಲಿನ ಸರ್ಕಾರದ ಮನ್ನಣೆ ಇದೆಯೇ ಎಂಬುದನ್ನು. ಜರ್ಮನಿಯ ರಾಜ್ಯಗಳು ಕೂಡಿ ‘ಅನಾಬಿನ್’ ಎಂಬ ದಾಖಲೆಯನ್ನು ಇರಿಸಿವೆ. ಅದು ಹೊರದೇಶಗಳ ವಿದ್ಯಾಸಂಸ್ಥೆಗಳನ್ನು ತೂಗುವ ತಕ್ಕಡಿ. ಭಾರತದ ಕಾಲೇಜಿನ ಪದವಿ ಅಲ್ಲಿ ಸಲ್ಲುವುದೇ ಎಂಬುದನ್ನು ಅದರಲ್ಲಿ ಯಾರಾದರೂ ಹಣ ತೆರದೆ ನೋಡಿಕೊಳ್ಳಬಹುದು. ಇದನ್ನು ನೋಡಿ ಹೇಳಲು ದಲ್ಲಾಳಿಗಳಿಗೆ ಸಾವಿರಗಟ್ಟಲೆ ರೂಪಾಯಿ ಕೊಡುವವರೂ ಇದ್ದಾರೆ.

ಭಾಷೆಯನ್ನು ಕೊನೆಗೆ ಹೇಳಿದರೂ ಅದು ಕಡೆಯದಲ್ಲ. ಮಾಸ್ಟರ್ ಪದವಿಯ ಅನೇಕ ಪಾಠಗಳು ಇಂಗ್ಲಿಷಿನಲ್ಲಿವೆ. ಬ್ಯಾಚಲರ್ ಪದವಿಯವು ಬಹುಪಾಲು ಜರ್ಮನ್ ಭಾಷೆಯಲ್ಲಿ. ಇಂಗ್ಲಿಷಿನಲ್ಲಿಯೇ ಓದಿ ಮುಗಿಸಿದವನಿಗೆ ಪದವಿಯ ಬಳಿಕ ಕೆಲಸ ಹುಡುಕಲು 18 ತಿಂಗಳ ಅವಕಾಶವನ್ನು ಆ ದೇಶ ಕೊಡುತ್ತದೆ. ಆದರೆ ಕೆಲಸ ಕೊಡುವ ಚಿಕ್ಕ ಊರಿನ ಕಾರ್ಖಾನೆಯಲ್ಲಿ ಮಾತು ನಡೆಯುವುದು ಜರ್ಮನ್‌ನಲ್ಲಿ. ಬೆಂಗಳೂರಿನ ಮ್ಯಾಕ್ಸ್ ಮ್ಯುಲ್ಲರ್ ಭವನದಲ್ಲಿ ಈ ಭಾಷೆಯನ್ನು ಕಲಿಸುತ್ತಾರೆ. ಪಿ.ಯು.ಸಿ. ಸೇರುವಾಗಲೇ ಆರಂಭಿಸಿದವನು, ವೀಸಾ ಕೈಗೆ ಬಂದ ಮೇಲೆ ಆರಂಭಿಸಿದವನಿಗಿಂತ ಎರಡು ಮೂರು ವರ್ಷ ಮುಂದಿರುತ್ತಾನೆ.

ಡಾಕ್ಟರೇಟ್‌ಗೆ ಹೋಗುವವರ ದಾರಿ ಮತ್ತೆ ಬೇರೆ. ಅಲ್ಲಿ ಅರ್ಜಿಗಿಂತ ಮೊದಲು ಗುರುವನ್ನು ಹುಡುಕಬೇಕು. ಸಂಶೋಧನೆಯ ಮಾರ್ಗದರ್ಶಕನನ್ನು ಜರ್ಮನರು ‘ಡಾಕ್ಟೋರ್‌ಫಾಟರ್’ ಎನ್ನುತ್ತಾರೆ, ಎಂದರೆ ಡಾಕ್ಟರೇಟಿನ ತಂದೆ. ಮಹಿಳೆಯಾದರೆ ‘ಡಾಕ್ಟೋರ್‌ಮುಟ್ಟರ್’, ತಾಯಿ. ವಿಜ್ಞಾನ ಮತ್ತು ತಾಂತ್ರಿಕ ವಿಷಯಗಳಲ್ಲಿ ಸಂಶೋಧಕನು ಅನೇಕ ವೇಳೆ ವಿದ್ಯಾರ್ಥಿಯಾಗಿಯೇ ಅಲ್ಲ, ವೇತನ ಪಡೆಯುವ ನೌಕರನಾಗಿಯೂ ಇರುತ್ತಾನೆ. ಕೆಲವರು ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಗಳ ಪ್ರಯೋಗಾಲಯಗಳಲ್ಲಿ ದುಡಿಯುತ್ತಾರೆ. ಪದವಿಯನ್ನು ಮಾತ್ರ ವಿಶ್ವವಿದ್ಯಾಲಯದಿಂದ ಪಡೆಯುತ್ತಾರೆ. ಗಯ್ಟಿಂಗೆನ್ ನಗರದ ಪುರಭವನದ ಮುಂದೆ, ಹೆಬ್ಬಾತುಗಳನ್ನು ಕಾಯುವ ಹುಡುಗಿಯ ಕಂಚಿನ ಪ್ರತಿಮೆಯೊಂದು 1901ರಿಂದ ಕಾರಂಜಿಯ ನಡುವೆ ನಿಂತಿದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪರೀಕ್ಷೆಯನ್ನು ಗೆದ್ದವರನ್ನು ಗೆಳೆಯರು ಅಲಂಕರಿಸಿದ ಕೈಗಾಡಿಯಲ್ಲಿ ಕೂರಿಸಿ ಮೆರವಣಿಗೆಯಲ್ಲಿ ಕರೆತರುತ್ತಾರೆ. ಹೊಸ ಡಾಕ್ಟರು ಕಾರಂಜಿಯ ಕಟ್ಟೆಯನ್ನು ಹತ್ತಿ, ಆ ಹುಡುಗಿಗೆ ಹೂಗುಚ್ಛವನ್ನು ಅರ್ಪಿಸಿ, ಅವಳ ಕೆನ್ನೆಗೆ ಮುತ್ತಿಟ್ಟು ಇಳಿಯುತ್ತಾರೆ.